ರಕ್ತನಾಳಗಳ ಸಂಕೋಚನವೂ ಶರೀರದ ರಾಸಾಯನಿಕ ಸಂದೇಶಗಳೂ

ಭಯಗೊಂಡವನ ಮುಖ ಬಿಳಿಚುವುದನ್ನೂ, ನಾಚಿದವನ ಕೆನ್ನೆ ಕೆಂಪೇರುವುದನ್ನೂ, ಮಾಗಿಯ ಮುಂಜಾನೆ ತಣ್ಣೀರಿಗೆ ಕೈಯಿಟ್ಟಾಗ ಬೆರಳುಗಳು ವಿವರ್ಣವಾಗುವುದನ್ನೂ ಕಾಣದವರಿಲ್ಲ. ಈ ಮೂರು ಸಂದರ್ಭಗಳಲ್ಲಿಯೂ ದೇಹದಲ್ಲಿರುವ ರಕ್ತದ ಒಟ್ಟು ಮೊತ್ತ ಹೆಚ್ಚಿರುವುದಿಲ್ಲ, ಕಡಮೆಯೂ ಆಗಿರುವುದಿಲ್ಲ. ವ್ಯತ್ಯಾಸವಾದದ್ದು ಆ ರಕ್ತದ ಹಂಚಿಕೆ ಮಾತ್ರ. ಚರ್ಮದ ಸಣ್ಣ ರಕ್ತನಾಳಗಳು ಸಂಕೋಚಗೊಂಡರೆ ಅಲ್ಲಿಗೆ ಹರಿಯುವ ರಕ್ತ ಕಡಮೆಯಾಗಿ ಬಣ್ಣ ಕಳೆಯುತ್ತದೆ. ಅವೇ ನಾಳಗಳು ಹಿಗ್ಗಿದರೆ ಬಣ್ಣವೇರುತ್ತದೆ. ನಮ್ಮ ಅರಿವಿಗಾಗಲಿ ಇಚ್ಛೆಗಾಗಲಿ ಒಳಪಡದೆ ಕ್ಷಣಕ್ಷಣವೂ ನಡೆಯುತ್ತಿರುವ ಈ ಹಂಚಿಕೆಯನ್ನು ನಿಯಂತ್ರಿಸತಕ್ಕ ರಾಸಾಯನಿಕ ಸಂದೇಶಗಳ ಪರಿಚಯವನ್ನು ಮಾಡಿಕೊಡುವುದು ಈ ಲೇಖನದ ಉದ್ದೇಶ.

ಹಂಚಿಕೆಯ ಅಗತ್ಯವೇನೆಂಬುದನ್ನು ಮೊದಲು ತಿಳಿಯಬೇಕು. ಪ್ರಾಯದ ಮನುಷ್ಯನ ದೇಹದಲ್ಲಿ ಸುಮಾರು 5 ಲೀಟರು ರಕ್ತವುಂಟು. ದೇಹದ ರಕ್ತನಾಳಗಳೆಲ್ಲವೂ ಒಮ್ಮೆಗೇ ಪೂರ್ಣವಾಗಿ ಹಿಗ್ಗಿದರೆ ಅವನ್ನು ತುಂಬಲು ಇಷ್ಟು ರಕ್ತ ಸಾಲದು. ಒತ್ತಡ ಕುಸಿದು ಮಿದುಳಿಗೆ ರಕ್ತವೇರದೆ ಪ್ರಾಣಕ್ಕೆ ಸಂಚಕಾರ ಬರುವುದು. ನಮ್ಮ ಹಳ್ಳಿಗಳಲ್ಲಿ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದ ನೀರುಗಂಟಿಯ ಕಷ್ಟವೂ ಇಂಥದೇ. ಕೆರೆಯಲ್ಲಿರುವ ನೀರು ಇಷ್ಟೇ ಎಂದು ಅವನಿಗೆ ಗೊತ್ತು. ಎಲ್ಲ ತೂಬುಗಳನ್ನೂ ಒಟ್ಟಿಗೆ ತೆರೆದರೆ ಕಾಲುವೆಯ ಕೊನೆಯ ಗದ್ದೆಗೆ ನೀರು ತಲುಪದು. ಆದಕಾರಣ ಅವನು ಒಂದನ್ನು ತೆರೆಯುವಾಗ ಮತ್ತೊಂದನ್ನು ಮುಚ್ಚುತ್ತಾನೆ. ಶರೀರದಲ್ಲಿಯೂ ಹೀಗೆಯೇ. ವಿಶ್ರಾಂತಿಯಲ್ಲಿರುವಾಗ ಗುಂಡಿಗೆ ಹೊರದೂಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಮಾತ್ರ ಮೈಯ ಸ್ನಾಯುಗಳಿಗೆ ಹೋಗುತ್ತದೆ; ವೇಗವಾಗಿ ಓಡುತ್ತಿರುವವನಲ್ಲಿ ಐದರಲ್ಲಿ ನಾಲ್ಕು ಪಾಲು, ಇಲ್ಲವೆ ಅದಕ್ಕೂ ಹೆಚ್ಚು, ಅತ್ತ ಹರಿಯುತ್ತದೆ. ಆ ವೇಳೆಯಲ್ಲಿ ಕರುಳಿನ ಮತ್ತು ಮೂತ್ರಪಿಂಡಗಳ ನಾಳಗಳು ಕಿರಿದಾಗಿರುತ್ತವೆ. ರಕ್ತನಾಳದ ಸಂಕೋಚನವೆಂಬುದು ಸ್ವತಃ ರೋಗವಲ್ಲ, ಬದುಕಿನ ನಿತ್ಯವ್ಯವಹಾರ ಎಂಬುದನ್ನು ವಾಚಕರು ಮೊದಲಿಗೇ ಮನಸ್ಸಿನಲ್ಲಿಡಬೇಕು.

ಆದರೆ ದೇಹಕ್ಕೂ ಕೆರೆಗೂ ಒಂದು ಮುಖ್ಯವಾದ ಭೇದವಿದೆ. ಕೆರೆಗೆ ನೀರುಗಂಟಿ ಒಬ್ಬನೇ. ರಕ್ತನಾಳಕ್ಕಾದರೋ ಒಡೆಯರು ಹಲವರು. ದೂರದ ಗ್ರಂಥಿಯೊಂದು ಒಂದು ಮಾತು ಹೇಳಿದರೆ, ಪಕ್ಕದ ನರತಂತು ಇನ್ನೊಂದು ಹೇಳುತ್ತದೆ. ನಾಳದ ಒಳಪದರವೇ ಮೂರನೆಯದೊಂದನ್ನು ಹೇಳುತ್ತದೆ. ಇವೆಲ್ಲವನ್ನೂ ಏಕಕಾಲದಲ್ಲಿ ಕೇಳಿಸಿಕೊಂಡು ನಾಳದ ಸ್ನಾಯು ತನ್ನ ಬಿಗಿತವನ್ನು ನಿರ್ಧರಿಸಿಕೊಳ್ಳುತ್ತದೆ. ರೋಗಿಯಲ್ಲಿ ಯಾವ ದನಿ ಮಿತಿಮೀರಿದೆ ಎಂಬುದನ್ನು ಗುರುತಿಸುವುದರ ಮೇಲೆಯೇ ಚಿಕಿತ್ಸೆಯ ಸಾಫಲ್ಯ ನಿಂತಿದೆ.

ಸಂಕೋಚನದ ಸ್ಥಾನ

ಗುಂಡಿಗೆಯಿಂದ ಹೊರಟ ಮಹಾಧಮನಿ ಕವಲೊಡೆಯುತ್ತ ಹೋಗಿ, ಕೊನೆಗೆ ಕೂದಲಿಗಿಂತಲೂ ಸೂಕ್ಷ್ಮವಾದ ಲೋಮನಾಳಗಳಾಗಿ ಹರಡುತ್ತದೆ. ಲೋಮನಾಳಕ್ಕೆ ಸ್ನಾಯುವಿನ ಕವಚವಿಲ್ಲ. ಅದಕ್ಕೆ ಸ್ವಲ್ಪ ಹಿಂದೆ ಇರುವ ಕಿರುಧಮನಿಗಳಿಗೆ ಮಾತ್ರ, ಅವುಗಳ ಗಾತ್ರಕ್ಕೆ ಹೋಲಿಸಿದರೆ ದಪ್ಪವೆನ್ನಬಹುದಾದ ಅನೈಚ್ಛಿಕ ಸ್ನಾಯುವಿನ ಪದರವೊಂದು ಉಂಗುರಗಳಂತೆ ಸುತ್ತಿಕೊಂಡಿರುತ್ತದೆ. ಈ ಉಂಗುರಗಳು ಬಿಗಿದಾಗ ನಾಳದ ರಂಧ್ರ ಕಿರಿದಾಗುತ್ತದೆ. ರಕ್ತದ ಹರಿವಿಗೆ ಬರುವ ಅಡ್ಡಿಯಲ್ಲಿ ಬಹುಪಾಲು ಈ ಕಿರುಧಮನಿಗಳದೇ.

ರಂಧ್ರದಲ್ಲಿ ಆಗುವ ಅಲ್ಪ ವ್ಯತ್ಯಾಸವೂ ಹರಿವಿನಲ್ಲಿ ಎಷ್ಟು ದೊಡ್ಡದಾಗಿ ಕಾಣಿಸಿಕೊಳ್ಳುವುದೆಂಬುದನ್ನು ಫ್ರಾನ್ಸಿನ ವೈದ್ಯ ಪ್ವಾಸೆಯ್ 1840ರ ಸುಮಾರಿಗೆ ಸೂಕ್ಷ್ಮವಾದ ಗಾಜಿನ ಕೊಳವೆಗಳಲ್ಲಿ ಪ್ರಯೋಗ ನಡೆಸಿ ತೋರಿಸಿದನು. ಒತ್ತಡ ಮೊದಲಾದವು ಒಂದೇ ಸಮನಾಗಿದ್ದರೆ, ಕೊಳವೆಯಲ್ಲಿ ಹರಿಯುವ ದ್ರವದ ಮೊತ್ತ ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ತ್ರಿಜ್ಯದಲ್ಲಿ ಶೇಕಡ 10ರಷ್ಟು ಕಡಮೆಯಾದರೂ ಹರಿವು ಶೇಕಡ 66ಕ್ಕೆ ಇಳಿಯುತ್ತದೆ. ರಕ್ತನಾಳ ಗಾಜಿನ ಕೊಳವೆಯಂತೆ ಗಡುಸಲ್ಲ, ರಕ್ತವೂ ನೀರಿನಂತೆ ಸರಳವಾದ ದ್ರವವಲ್ಲ. ಆದಕಾರಣ ಈ ಲೆಕ್ಕ ದೇಹಕ್ಕೆ ಸ್ಥೂಲವಾಗಿ ಮಾತ್ರ ಅನ್ವಯಿಸುತ್ತದೆ. ಆದರೂ ಅಣುಮಾತ್ರವಾದ ರಾಸಾಯನಿಕ ವಸ್ತುವೊಂದು ಇಡೀ ದೇಹದ ರಕ್ತದೊತ್ತಡವನ್ನು ಏರಿಳಿಸಬಲ್ಲುದೇಕೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ.

ನರ ಮತ್ತು ಗ್ರಂಥಿ

ರಕ್ತನಾಳಗಳು ನರಗಳ ಅಂಕೆಯಲ್ಲಿವೆ ಎಂಬುದು ಸ್ಪಷ್ಟವಾದದ್ದು ಹತ್ತೊಂಬತ್ತನೆಯ ಶತಮಾನದ ನಡುವೆ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡನು ಮೊಲದ ಕುತ್ತಿಗೆಯಲ್ಲಿರುವ ಅನುವೇದನಾ ನರವನ್ನು ಕತ್ತರಿಸಿದಾಗ ಆ ಬದಿಯ ಕಿವಿ ತಣ್ಣಗಾಗುವುದೆಂದು ನಿರೀಕ್ಷಿಸಿದ್ದನು. ಆದರೆ ಅದು ಬೆಚ್ಚಗಾಯಿತು, ಅದರ ನಾಳಗಳು ಉಬ್ಬಿದವು. ಕತ್ತರಿಸಿದ ನರದ ತುದಿಯನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಕಿವಿ ಮತ್ತೆ ಬಿಳಿಚಿ ತಣ್ಣಗಾಗುವುದೆಂದು 1852ರಲ್ಲಿ ಅವನೂ ಬ್ರೌನ್-ಸೆಕಾರ್ಡನೂ ಪ್ರತ್ಯೇಕವಾಗಿ ಕಂಡುಕೊಂಡರು. ನಾಳಗಳನ್ನು ಸದಾ ಸ್ವಲ್ಪಮಟ್ಟಿಗೆ ಬಿಗಿಹಿಡಿದಿರುವುದೇ ಈ ನರಗಳ ಕೆಲಸವೆಂದು ಇದರಿಂದ ಸಿದ್ಧವಾಯಿತು.

ನರವು ಸ್ನಾಯುವಿಗೆ ತನ್ನ ಆಜ್ಞೆಯನ್ನು ತಲುಪಿಸುವ ಬಗೆ ಯಾವುದೆಂಬುದು ತಿಳಿಯಲು ಇನ್ನೂ ತೊಂಬತ್ತು ವರ್ಷಗಳು ಹಿಡಿದವು. ಅದಕ್ಕೆ ದಾರಿಯಾದದ್ದು ಮೂತ್ರಪಿಂಡದ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಯ ಅಧ್ಯಯನ. ಇಂಗ್ಲೆಂಡಿನ ವೈದ್ಯ ಜಾರ್ಜ್ ಆಲಿವರನೂ ಲಂಡನ್ನಿನ ಶರೀರಶಾಸ್ತ್ರಜ್ಞ ಎಡ್ವರ್ಡ್ ಶೇಫರನೂ ಈ ಗ್ರಂಥಿಯ ಸತ್ತ್ವವನ್ನು ಪ್ರಾಣಿಯ ರಕ್ತಕ್ಕೆ ಸೇರಿಸಿದಾಗ ಒತ್ತಡ ಥಟ್ಟನೆ ಮೇಲೇರುವುದೆಂದು 1894 ಮತ್ತು 1895ರಲ್ಲಿ ಪ್ರಕಟಿಸಿದರು. 1901ರಲ್ಲಿ ಜಪಾನಿನ ತಕಾಮಿನೆ ಜೋಕಿಚಿ ಆ ಸತ್ತ್ವದಿಂದ ಅಡ್ರಿನಲಿನನ್ನು ಹರಳುರೂಪದಲ್ಲಿ ಪಡೆದನು. ಅನುವೇದನಾ ನರವನ್ನು ಪ್ರಚೋದಿಸಿದಾಗ ಆಗುವ ಬದಲಾವಣೆಗಳಿಗೂ ಅಡ್ರಿನಲಿನಿನಿಂದ ಆಗುವ ಬದಲಾವಣೆಗಳಿಗೂ ಇದ್ದ ಹೋಲಿಕೆ ಬೇಗನೆ ಗಮನಕ್ಕೆ ಬಂತು. ಆದರೆ ಹೋಲಿಕೆ ಸಂಪೂರ್ಣವಾಗಿರಲಿಲ್ಲ. 1946ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಈ ತೊಡಕನ್ನು ಬಿಡಿಸಿದನು: ನರದ ತುದಿಯಿಂದ ಸ್ರವಿಸುವುದು ಅಡ್ರಿನಲಿನ್ ಅಲ್ಲ, ಅದರ ಸಮೀಪ ಬಂಧುವಾದ ನಾರಡ್ರಿನಲಿನ್. ಈ ಕಾರ್ಯಕ್ಕಾಗಿ ಅವನಿಗೆ 1970ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ನರತಂತುವಿನ ತುದಿಯಲ್ಲಿ ಸಣ್ಣ ಚೀಲಗಳಂಥ ಕೋಶಿಕೆಗಳಿದ್ದು ಅವುಗಳಲ್ಲಿ ನಾರಡ್ರಿನಲಿನ್ ಶೇಖರವಾಗಿರುತ್ತದೆ. ನರದ ಸ್ಪಂದನ ಬಂದು ತಲುಪಿದೊಡನೆ ಅದು ಹೊರಕ್ಕೆ ಸುರಿಯುತ್ತದೆ. ಕೆಲಸ ತೀರಿದ ಮೇಲೆ ಅದರಲ್ಲಿ ಬಹುಭಾಗವನ್ನು ನರವೇ ಮರಳಿ ಹೀರಿಕೊಂಡು ಮತ್ತೆ ಉಗ್ರಾಣಕ್ಕೆ ಸೇರಿಸುತ್ತದೆ. ನಮ್ಮ ದೇಶದ ವೈದ್ಯಕ್ಕೂ ಈ ಉಗ್ರಾಣಕ್ಕೂ ಒಂದು ಸಂಬಂಧವಿದೆ. ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ವರದಿಮಾಡಿದ್ದರು. ಮುಂಬಯಿಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟನ್ನಿನ ಹೃದ್ರೋಗಶಾಸ್ತ್ರದ ಪತ್ರಿಕೆಯಲ್ಲಿ ತಮ್ಮ ರೋಗಿಗಳ ಅನುಭವವನ್ನು ಪ್ರಕಟಿಸಿದ ಮೇಲೆ ಪಾಶ್ಚಾತ್ಯ ವೈದ್ಯರ ಗಮನ ಇತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ರಿಸರ್ಪಿನ್ ಎಂಬ ಕ್ಷಾರಾಭವನ್ನು ಬೇರ್ಪಡಿಸಲಾಯಿತು. ರಿಸರ್ಪಿನ್ ಮಾಡುವ ಕೆಲಸವೆಂದರೆ ನರದ ತುದಿಯ ಕೋಶಿಕೆಗಳಿಗೆ ನಾರಡ್ರಿನಲಿನ್ ತುಂಬಿಕೊಳ್ಳದಂತೆ ತಡೆಯುವುದು. ಉಗ್ರಾಣ ಬರಿದಾದರೆ ನರ ಎಷ್ಟು ಕೂಗಿಕೊಂಡರೂ ನಾಳಕ್ಕೆ ಕೇಳಿಸದು. ಮನಸ್ಸಿಗೆ ಕುಗ್ಗು ತರುವುದೇ ಮೊದಲಾದ ದೋಷಗಳಿಂದಾಗಿ ಈ ಮದ್ದಿನ ಬಳಕೆ ಇಂದು ವಿರಳವಾಗಿದೆ. ಆದರೆ ಅಧಿಕ ರಕ್ತದೊತ್ತಡವನ್ನು ಔಷಧದಿಂದ ಅಂಕೆಗೆ ತರಬಹುದೆಂಬ ಭರವಸೆಯನ್ನು ಹುಟ್ಟಿಸಿದವುಗಳಲ್ಲಿ ಅದೂ ಒಂದು.

ಸಂದೇಶ ಒಂದು, ಫಲ ಎರಡು

ಅಡ್ರಿನಲಿನ್ ನಾಳಗಳನ್ನು ಸಂಕೋಚಗೊಳಿಸುತ್ತದೆ ಎಂದೆವು. ಆದರೆ ಈ ಮಾತು ಅರ್ಧಸತ್ಯ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲನು, ರೈ ಧಾನ್ಯದ ತೆನೆಗೆ ಹಿಡಿಯುವ ಎರ್ಗಟ್ ಎಂಬ ಬೂಷ್ಟಿನ ಸತ್ತ್ವವನ್ನು ಪರೀಕ್ಷಿಸುತ್ತಿದ್ದನು. ಎರ್ಗಟ್ ಕೊಟ್ಟಿದ್ದ ಬೆಕ್ಕಿಗೆ ಅಡ್ರಿನಲ್ ಸತ್ತ್ವವನ್ನು ಕೊಟ್ಟಾಗ ರಕ್ತದೊತ್ತಡ ಏರುವ ಬದಲು ಇಳಿಯಿತು. ಸತ್ತ್ವವೇ ಕೆಟ್ಟಿರಬೇಕೆಂದು ಅವನು ಮೊದಲು ಭಾವಿಸಿದನು. ಮತ್ತೆ ಮತ್ತೆ ಮಾಡಿ ನೋಡಿದಾಗಲೂ ಅದೇ ಫಲ ಬಂದದ್ದರಿಂದ, ಅಡ್ರಿನಲಿನಿಗೆ ಸಂಕೋಚಗೊಳಿಸುವ ಮತ್ತು ಹಿಗ್ಗಿಸುವ ಎರಡು ಶಕ್ತಿಗಳೂ ಇದ್ದು ಎರ್ಗಟ್ ಮೊದಲನೆಯದನ್ನು ಮಾತ್ರ ತಡೆಯುತ್ತದೆಂದು 1906ರಲ್ಲಿ ನಿರ್ಣಯಿಸಿದನು.

ಇದರ ತಾತ್ಪರ್ಯವನ್ನು ಸ್ಪಷ್ಟಪಡಿಸಿದವನು ಅಮೆರಿಕದ ರೇಮಂಡ್ ಆಲ್ಕ್ವಿಸ್ಟ್. 1948ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವನು, ಭೇದವಿರುವುದು ಸಂದೇಶದಲ್ಲಿ ಅಲ್ಲ, ಅದನ್ನು ಪಡೆದುಕೊಳ್ಳುವ ಗ್ರಾಹಕಗಳಲ್ಲಿ ಎಂದು ವಾದಿಸಿ ಅವಕ್ಕೆ ಆಲ್ಫಾ, ಬೀಟಾ ಎಂದು ಹೆಸರಿಟ್ಟನು. ಗ್ರಾಹಕವೆಂದರೆ ಜೀವಕೋಶದ ಹೊರಪೊರೆಯಲ್ಲಿ ಹುದುಗಿರುವ ಪ್ರೋಟೀನು; ತನಗೆ ಒಪ್ಪುವ ಆಕಾರದ ಅಣು ಬಂದು ಕೂಡಿದಾಗ ಅದು ರೂಪ ಬದಲಿಸಿ, ಸುದ್ದಿಯನ್ನು ಕೋಶದ ಒಳಕ್ಕೆ ದಾಟಿಸುತ್ತದೆ. ಚರ್ಮ, ಕರುಳು ಮತ್ತು ಮೂತ್ರಪಿಂಡಗಳ ನಾಳಗಳಲ್ಲಿ ಆಲ್ಫಾ ಗ್ರಾಹಕಗಳು ಹೇರಳ. ಅವುಗಳಿಗೆ ಸುದ್ದಿ ತಲುಪಿದರೆ ನಾಳ ಬಿಗಿಯುತ್ತದೆ. ಮೈಯ ಸ್ನಾಯುಗಳ ನಾಳಗಳಲ್ಲಿ ಬೀಟಾ ಗ್ರಾಹಕಗಳೂ ಸಾಕಷ್ಟಿವೆ; ಅಲ್ಪ ಪ್ರಮಾಣದ ಅಡ್ರಿನಲಿನ್ ಅವನ್ನೇ ಮೊದಲು ಮುಟ್ಟಿ ನಾಳವನ್ನು ಹಿಗ್ಗಿಸುತ್ತದೆ. ಹುಲಿಯನ್ನು ಕಂಡು ಓಡುವವನ ಮುಖ ಬಿಳಿಚಿದರೂ ಕಾಲುಗಳಿಗೆ ರಕ್ತ ಧಾರಾಳವಾಗಿ ಹರಿಯುವುದಕ್ಕೆ ಈ ಏರ್ಪಾಡೂ ಒಂದು ಕಾರಣ.

ನಿತ್ಯಜೀವನದಲ್ಲಿಯೂ ಈ ಗ್ರಾಹಕಗಳ ಪರಿಚಯ ನಮಗುಂಟು. ಹಲ್ಲು ಕೀಳುವ ವೈದ್ಯರು ಮರವಿನ ಮದ್ದಿನೊಡನೆ ಕೊಂಚ ಅಡ್ರಿನಲಿನನ್ನು ಬೆರೆಸುವುದುಂಟು. ಅದು ಒಸಡಿನ ನಾಳಗಳನ್ನು ಬಿಗಿಸುವುದರಿಂದ ಮದ್ದು ರಕ್ತದಲ್ಲಿ ಬೇಗನೆ ಕೊಚ್ಚಿಹೋಗದೆ ಅಲ್ಲಿಯೇ ನಿಲ್ಲುತ್ತದೆ. ನೆಗಡಿಯಲ್ಲಿ ಮೂಗಿಗೆ ಬಿಟ್ಟುಕೊಳ್ಳುವ ಹನಿಗಳಲ್ಲಿರುವುದೂ ಆಲ್ಫಾ ಗ್ರಾಹಕಗಳನ್ನು ಪ್ರಚೋದಿಸುವ ವಸ್ತುವೇ. ಉಬ್ಬಿದ ನಾಳಗಳು ಕುಗ್ಗಿ ಮೂಗು ತೆರವಾಗುತ್ತದೆ. ಆದರೆ ಅದನ್ನು ಹಲವು ದಿವಸ ಎಡೆಬಿಡದೆ ಬಳಸಿದರೆ ಮದ್ದಿನ ಬಲ ಇಳಿದೊಡನೆ ನಾಳಗಳು ಮೊದಲಿಗಿಂತ ಹೆಚ್ಚಾಗಿ ಉಬ್ಬಿ ಮೂಗು ಕಟ್ಟಿಕೊಳ್ಳುತ್ತದೆ. ಒಂದೇ ಮಾತನ್ನು ಸತತವಾಗಿ ಕೇಳಿಸಿಕೊಂಡ ಗ್ರಾಹಕಗಳು ಕಿವುಡಾಗುವುದು ಇದಕ್ಕೊಂದು ಕಾರಣ.

ಕೋಶದ ಒಳಗಿನ ಭಾಷೆ

ಹೊರಗಿನ ಸಂದೇಶಗಳು ಎಷ್ಟೇ ಬಗೆಯಾಗಿರಲಿ, ಸ್ನಾಯುಕೋಶದ ಒಳಗೆ ಅವು ಬಹುಮಟ್ಟಿಗೆ ಒಂದೇ ಭಾಷೆಗೆ ಪರಿವರ್ತನೆಗೊಳ್ಳುತ್ತವೆ. ಆ ಭಾಷೆ ಕ್ಯಾಲ್ಸಿಯಂ. ವಿಶ್ರಾಂತಿಯಲ್ಲಿರುವ ಕೋಶದ ದ್ರವದಲ್ಲಿ ಮುಕ್ತವಾಗಿರುವ ಕ್ಯಾಲ್ಸಿಯಂ ಅಯಾನುಗಳ ಸಾಂದ್ರತೆ ಹೊರಗಿರುವುದರ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ. ಸಂಕೋಚನದ ಸಂದೇಶ ಬಂದಾಗ ಹೊರಪೊರೆಯ ದ್ವಾರಗಳು ತೆರೆಯುತ್ತವೆ; ಕೋಶದ ಒಳಗಿನ ಸಂಚಿಗಳಲ್ಲಿ ಕೂಡಿಟ್ಟಿದ್ದ ಕ್ಯಾಲ್ಸಿಯಂ ಕೂಡ ಹೊರಬೀಳುತ್ತದೆ. ಹೀಗೆ ಏರಿದ ಕ್ಯಾಲ್ಸಿಯಂ ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆ ಜೋಡಿ ಒಂದು ಕಿಣ್ವವನ್ನು ಎಚ್ಚರಿಸುತ್ತದೆ. ಆ ಕಿಣ್ವವು ಮಯೋಸಿನ್ ಎಂಬ ಸ್ನಾಯುತಂತುವಿಗೆ ಫಾಸ್ಫೇಟು ಗುಂಪನ್ನು ಸೇರಿಸುತ್ತದೆ. ಆಗ ಮಯೋಸಿನ್, ಪಕ್ಕದ ಆಕ್ಟಿನ್ ತಂತುವನ್ನು ಹಿಡಿದೆಳೆಯುತ್ತದೆ, ನಾಳ ಬಿಗಿಯುತ್ತದೆ. ಇನ್ನೊಂದು ಕಿಣ್ವ ಆ ಫಾಸ್ಫೇಟನ್ನು ಕಳಚಿದಾಗ ಸ್ನಾಯು ಸಡಿಲಗೊಳ್ಳುತ್ತದೆ.

ಹಿಗ್ಗಿಸುವ ಸಂದೇಶಗಳು ಇದೇ ಸರಪಳಿಯನ್ನು ಬೇರೆ ಬೇರೆ ಕೊಂಡಿಗಳಲ್ಲಿ ತಡೆಯುತ್ತವೆ: ಕೆಲವು ಕ್ಯಾಲ್ಸಿಯಮನ್ನು ಹಿಂದಕ್ಕಟ್ಟುತ್ತವೆ, ಕೆಲವು ಫಾಸ್ಫೇಟನ್ನು ಕಳಚುವ ಕಿಣ್ವಕ್ಕೆ ಬಲಕೊಡುತ್ತವೆ. ಅಧಿಕ ರಕ್ತದೊತ್ತಡಕ್ಕೆ ಇಂದು ವ್ಯಾಪಕವಾಗಿ ಕೊಡುವ ಆಮ್ಲೊಡಿಪಿನ್ ಮುಂತಾದ ಮದ್ದುಗಳು ಹೊರಪೊರೆಯ ಕ್ಯಾಲ್ಸಿಯಂ ದ್ವಾರಗಳನ್ನು ತಡೆಯತಕ್ಕವು. ಅವು ಯಾರು ಕೂಗಿದರೆಂದು ವಿಚಾರಿಸುವುದಿಲ್ಲ. ಎಲ್ಲ ಕೂಗುಗಳೂ ಕೂಡುವ ಬಾಗಿಲಲ್ಲಿ ಕಾವಲು ನಿಲ್ಲುತ್ತವೆ.

ಮೂತ್ರಪಿಂಡದ ಸಂದೇಶ

ನರದ ಮಾತು ಕ್ಷಣಗಳಲ್ಲಿ ತಲುಪುವಂಥದು. ಅದಕ್ಕಿಂತ ನಿಧಾನವಾಗಿ, ಆದರೆ ಹೆಚ್ಚು ಕಾಲ ನಿಲ್ಲುವಂತೆ ನಾಳಗಳನ್ನು ಬಿಗಿಸತಕ್ಕ ಇನ್ನೊಂದು ಏರ್ಪಾಡು ಮೂತ್ರಪಿಂಡದಲ್ಲಿದೆ. 1898ರಲ್ಲಿ ಸ್ಟಾಕ್‌ಹೋಮಿನಲ್ಲಿ ಟಿಗರ್‌ಸ್ಟೆಟ್ ಮತ್ತು ಬೆರ್ಗ್‌ಮನ್ ಮೊಲದ ಮೂತ್ರಪಿಂಡದ ಸತ್ತ್ವವು ರಕ್ತದೊತ್ತಡವನ್ನು ಏರಿಸುವುದೆಂದು ಕಂಡು, ಅದರಲ್ಲಿರುವ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟರು. ಮೂರು ದಶಕಗಳಿಗೂ ಹೆಚ್ಚು ಕಾಲ ಈ ಕಾರ್ಯ ಮೂಲೆಗೆ ಬಿದ್ದಿತ್ತು. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ಧಮನಿಗೆ ಬೆಳ್ಳಿಯ ಹಿಡಿಕೆಯೊಂದನ್ನು ತೊಡಿಸಿ ಹರಿವನ್ನು ಕಡಮೆಮಾಡಿದಾಗ ಪ್ರಾಣಿಯ ರಕ್ತದೊತ್ತಡ ಏರಿ ಬಹುಕಾಲ ಹಾಗೆಯೇ ನಿಂತಿತು. ರಕ್ತ ಸಾಲದೆಂದು ಭಾವಿಸಿದ ಮೂತ್ರಪಿಂಡ ಇಡೀ ದೇಹದ ನಾಳಗಳನ್ನು ಬಿಗಿಸುವ ಸುದ್ದಿಯನ್ನು ಕಳಿಸುತ್ತಿತ್ತು.

ರೆನಿನ್ ತಾನೇ ನಾಳವನ್ನು ಬಿಗಿಸುವುದಿಲ್ಲ, ಅದೊಂದು ಕಿಣ್ವ. ಯಕೃತ್ತು ರಕ್ತಕ್ಕೆ ಬಿಡುವ ಪ್ರೋಟೀನೊಂದರಿಂದ ಅದು ಹತ್ತು ಅಮೈನೋ ಆಮ್ಲಗಳ ತುಂಡೊಂದನ್ನು ಕತ್ತರಿಸುತ್ತದೆ. ಮುಖ್ಯವಾಗಿ ಶ್ವಾಸಕೋಶದ ನಾಳಗಳ ಒಳಪದರದಲ್ಲಿರುವ ಮತ್ತೊಂದು ಕಿಣ್ವ ಆ ತುಂಡಿನಿಂದ ಇನ್ನೆರಡನ್ನು ಕಳೆಯುತ್ತದೆ. ಉಳಿದ ಎಂಟು ಅಮೈನೋ ಆಮ್ಲಗಳ ಸರಪಳಿಯೇ ಪ್ರಬಲವಾದ ಸಂಕೋಚಕ. ಅದನ್ನು ಬ್ಯೂನಸ್ ಐರಿಸ್ಸಿನ ಒಂದು ತಂಡವೂ ಅಮೆರಿಕದ ಒಂದು ತಂಡವೂ 1940ರ ಸುಮಾರಿಗೆ ಸ್ವತಂತ್ರವಾಗಿ ಕಂಡುಹಿಡಿದು ಹೈಪರ್‌ಟೆನ್ಸಿನ್, ಆಂಜಿಯೊಟೋನಿನ್ ಎಂದು ಬೇರೆ ಬೇರೆ ಹೆಸರುಗಳನ್ನಿಟ್ಟಿದ್ದವು. 1958ರಲ್ಲಿ ಎರಡೂ ಕಡೆಯವರು ಒಪ್ಪಿ, ಎರಡು ಹೆಸರುಗಳ ತುಂಡುಗಳನ್ನು ಜೋಡಿಸಿ, ಆಂಜಿಯೊಟೆನ್ಸಿನ್ ಎಂಬ ಹೆಸರನ್ನು ಸ್ಥಿರಪಡಿಸಿದರು. ಇದು ನಾಳವನ್ನು ಬಿಗಿಸುವುದಲ್ಲದೆ, ದೇಹದಲ್ಲಿ ಉಪ್ಪನ್ನೂ ನೀರನ್ನೂ ಉಳಿಸುವಂತೆ ಮಾಡುತ್ತದೆ, ಬಾಯಾರಿಕೆಯನ್ನೂ ಹುಟ್ಟಿಸುತ್ತದೆ. ರಕ್ತಸ್ರಾವವಾದಾಗ ಜೀವವನ್ನು ಕಾಪಾಡುವ ಏರ್ಪಾಡು ಇದೇ. ಅಕಾಲದಲ್ಲಿ ಎದ್ದರೆ ಜೀವಕ್ಕೆ ಮುಳುವಾಗುವುದೂ ಇದೇ.

ಈ ಸರಪಳಿಯನ್ನು ತುಂಡರಿಸುವ ದಾರಿ ಹೊಳೆದದ್ದು ಹಾವಿನ ವಿಷದಿಂದ. ಬ್ರೆಜಿಲಿನಲ್ಲಿ ಜರಾರಾಕ ಎಂಬ ಹಾವು ಕಚ್ಚಿದವರ ರಕ್ತದೊತ್ತಡ ತೀವ್ರವಾಗಿ ಇಳಿಯುತ್ತದೆ. ಅಲ್ಲಿಯ ಸೆರ್ಜಿಯೊ ಫೆರೇರಾ 1965ರಲ್ಲಿ ಆ ವಿಷದಲ್ಲಿ, ನಾಳವನ್ನು ಹಿಗ್ಗಿಸುವ ಬ್ರಾಡಿಕೈನಿನ್ನಿನ ಬಲವನ್ನು ಹೆಚ್ಚಿಸುವ ಅಂಶವೊಂದನ್ನು ಕಂಡುಹಿಡಿದನು. ಬ್ರಾಡಿಕೈನಿನನ್ನು ನಾಶಮಾಡುವ ಕಿಣ್ವವೂ ಆಂಜಿಯೊಟೆನ್ಸಿನನ್ನು ಸಿದ್ಧಪಡಿಸುವ ಕಿಣ್ವವೂ ಒಂದೇ ಎಂದು ಮುಂದೆ ತಿಳಿಯಿತು. ವಿಷದ ಅಂಶವು ಆ ಕಿಣ್ವವನ್ನೇ ತಡೆಯುತ್ತಿತ್ತು. ಅದರ ಮಾದರಿಯ ಮೇಲೆ ಅಮೆರಿಕದಲ್ಲಿ ಕುಶ್‌ಮನ್ ಮತ್ತು ಒಂಡೆಟ್ಟಿ ರೂಪಿಸಿದ ಕ್ಯಾಪ್ಟೊಪ್ರಿಲ್ 1981ರಲ್ಲಿ ಬಳಕೆಗೆ ಬಂತು. ಈ ವರ್ಗದ ಮದ್ದು ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಒಣಕೆಮ್ಮು ಬರುವುದಕ್ಕೆ, ನಾಶವಾಗದೆ ಉಳಿದ ಬ್ರಾಡಿಕೈನಿನ್ ಒಂದು ಕಾರಣವೆಂದು ಎಣಿಸಲಾಗಿದೆ.

ಒಳಪದರದ ಮಾತು

ರಕ್ತನಾಳದ ಒಳಮೈಯನ್ನು ಹೊದಿಸಿರುವ ಒಂದೇ ಕೋಶದಷ್ಟು ದಪ್ಪದ ಪದರವನ್ನು ಬಹುಕಾಲದವರೆಗೆ ಕೇವಲ ನುಣುಪಾದ ಅಸ್ತರಿಯೆಂದು ತಿಳಿಯಲಾಗಿತ್ತು. ಈ ಭಾವನೆ ಬದಲಾದದ್ದು ಒಂದು ಚಿಕ್ಕ ತಪ್ಪಿನಿಂದ. ನ್ಯೂಯಾರ್ಕಿನ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯ ತುಂಡುಗಳ ಮೇಲೆ ಪ್ರಯೋಗ ನಡೆಸುತ್ತಿದ್ದನು. ಅಸಿಟೈಲ್‌ಕೋಲಿನ್ ಎಂಬ ವಸ್ತು ಪ್ರಾಣಿಯ ದೇಹದಲ್ಲಿ ನಾಳಗಳನ್ನು ಹಿಗ್ಗಿಸುತ್ತದೆ. ಆದರೆ ಅವನ ತುಂಡುಗಳಲ್ಲಿ ಅದು ಸಂಕೋಚನವನ್ನೇ ಉಂಟುಮಾಡುತ್ತಿತ್ತು. 1978ರಲ್ಲಿ ಸಹಾಯಕನೊಬ್ಬ ಪ್ರಯೋಗದ ಕ್ರಮವನ್ನು ತಪ್ಪಿದ ದಿನ, ಸಂಕೋಚನದ ಬದಲು ಸಡಿಲಿಕೆ ಕಾಣಿಸಿತು. ಕಾರಣವನ್ನು ಶೋಧಿಸಿದಾಗ, ಹಿಂದಿನ ತುಂಡುಗಳನ್ನು ಸಿದ್ಧಪಡಿಸುವಾಗ ಒಳಮೈ ತಿಕ್ಕಿಹೋಗಿ ಒಳಪದರ ಕಳಚಿಹೋಗುತ್ತಿತ್ತೆಂದೂ, ಈ ಸಲ ಅದು ಉಳಿದಿತ್ತೆಂದೂ ಹೊರಪಟ್ಟಿತು. ಒಳಪದರವು ಸ್ನಾಯುವಿಗೆ ಸಡಿಲಗೊಳ್ಳೆಂದು ಯಾವುದೋ ಸಂದೇಶವನ್ನು ಕಳಿಸುತ್ತಿರಬೇಕೆಂದು ಅವನು 1980ರಲ್ಲಿ ಪ್ರಕಟಿಸಿದನು.

ಆ ಸಂದೇಶವಾಹಕ ನೈಟ್ರಿಕ್ ಆಕ್ಸೈಡೆಂಬ ಸರಳವಾದ ಅನಿಲವೆಂದು 1986-87ರಲ್ಲಿ ಗೊತ್ತಾದಾಗ ವಿಜ್ಞಾನಿಗಳಿಗೂ ಆಶ್ಚರ್ಯವಾಯಿತು. ಎದೆನೋವಿಗೆ ಹತ್ತೊಂಬತ್ತನೆಯ ಶತಮಾನದಿಂದ ಕೊಡುತ್ತ ಬಂದಿದ್ದ ನೈಟ್ರೊಗ್ಲಿಸರಿನ್ ದೇಹದಲ್ಲಿ ಈ ಅನಿಲವನ್ನೇ ಬಿಡುತ್ತದೆಂದು ಫೆರಿಡ್ ಮ್ಯುರಾಡನ ಪ್ರಯೋಗಗಳು 1977ರಲ್ಲಿಯೇ ಸೂಚಿಸಿದ್ದವು. ಫರ್ಚ್‌ಗಾಟ್, ಇಗ್ನಾರೊ, ಮ್ಯುರಾಡ್ ಈ ಮೂವರಿಗೆ 1998ರ ನೊಬೆಲ್ ಪಾರಿತೋಷಕ ಸಂದಿತು. ಅದೇ ಒಳಪದರ ಇದಕ್ಕೆ ತೀರ ವಿರುದ್ಧವಾದ ಮಾತನ್ನೂ ಆಡಬಲ್ಲುದು. 1988ರಲ್ಲಿ ಜಪಾನಿನ ತ್ಸುಕುಬದಲ್ಲಿ ಯಾನಗಿಸಾವ ಮತ್ತು ಸಂಗಡಿಗರು ಹಂದಿಯ ಮಹಾಧಮನಿಯ ಒಳಪದರದ ಕೋಶಗಳಿಂದ ಎಂಡೊತೆಲಿನ್ ಎಂಬ, 21 ಅಮೈನೋ ಆಮ್ಲಗಳ ಸಂಕೋಚಕವನ್ನು ಬೇರ್ಪಡಿಸಿದರು. ಇದುವರೆಗೆ ತಿಳಿದಿರುವ ಅತ್ಯಂತ ಪ್ರಬಲವಾದ ಸಂಕೋಚಕಗಳಲ್ಲಿ ಅದೊಂದು. ಆರೋಗ್ಯದಲ್ಲಿ ಈ ಎರಡು ಮಾತುಗಳೂ ತೂಕಕ್ಕೆ ತೂಕವಾಗಿರುತ್ತವೆ. ಹೊಗೆಬತ್ತಿಯ ಸೇವನೆ, ಸಕ್ಕರೆ ರೋಗ, ಅಧಿಕ ರಕ್ತದೊತ್ತಡ ಇವು ಒಳಪದರವನ್ನು ಕೆಡಿಸಿದಾಗ ಸಡಿಲಿಸುವ ದನಿ ಕ್ಷೀಣಿಸಿ ಬಿಗಿಸುವ ದನಿ ಮೇಲಾಗುತ್ತದೆ.

ನೆರೆಹೊರೆಯ ಅಂಗಾಂಶವೂ ಸುಮ್ಮನಿರುವುದಿಲ್ಲ. ದುಡಿಯುವ ಸ್ನಾಯುವಿನಲ್ಲಿ ಆಮ್ಲಜನಕ ಕಡಮೆಯಾಗಿ ಇಂಗಾಲದ ಡೈಆಕ್ಸೈಡು, ಅಡಿನೊಸಿನ್ ಮುಂತಾದವು ಹೆಚ್ಚಿದಾಗ ಅಲ್ಲಿಯ ನಾಳಗಳು ನರದ ಆಜ್ಞೆಯನ್ನೂ ಮೀರಿ ಹಿಗ್ಗುತ್ತವೆ. ಆದರೆ ಶ್ವಾಸಕೋಶದಲ್ಲಿ ಇದಕ್ಕೆ ವಿಪರೀತ. ಆಮ್ಲಜನಕ ಸಾಲದ ಭಾಗದ ನಾಳಗಳು ಅಲ್ಲಿ ಬಿಗಿದುಕೊಂಡು, ಗಾಳಿ ಚೆನ್ನಾಗಿ ಬರುವ ಭಾಗಕ್ಕೆ ರಕ್ತವನ್ನು ತಿರುಗಿಸುತ್ತವೆ. ಮೇಲೆ ಹೇಳಿದ ಫಾನ್ ಆಯ್ಲರನೇ ಲಿಲ್ಯೆಸ್ಟ್ರಾಂಡನೊಡನೆ 1946ರಲ್ಲಿ ಇದನ್ನು ಬೆಕ್ಕುಗಳಲ್ಲಿ ತೋರಿಸಿದನು. ತಗ್ಗಿನಿಂದ ಹಿಮಾಲಯದ ಎತ್ತರಕ್ಕೆ ಅವಸರದಲ್ಲಿ ಏರಿದ ಕೆಲವರ ಶ್ವಾಸಕೋಶದಲ್ಲಿ ನೀರು ತುಂಬುವುದಕ್ಕೆ ಈ ಬಿಗಿತ ಎಲ್ಲೆಡೆ ಹಬ್ಬಿ ಮಿತಿಮೀರುವುದು ಮುಖ್ಯ ಕಾರಣ.

ಚೇಳಿನ ಕಡಿತ: ಒಂದು ನಿದರ್ಶನ

ಇಷ್ಟು ಹೊತ್ತು ವಿವರಿಸಿದ ತತ್ತ್ವಗಳು ಪ್ರಯೋಗಾಲಯದ ಆಚೆಗೆ ಏನನ್ನು ಸಾಧಿಸಬಲ್ಲವೆಂಬುದಕ್ಕೆ ನಮ್ಮ ನೆರೆಯ ಕೊಂಕಣದಲ್ಲಿಯೇ ಒಂದು ನಿದರ್ಶನವುಂಟು. ಪಶ್ಚಿಮ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಕಾಣುವ ಕೆಂಪುಚೇಳಿನ ಕಡಿತ, ಅದರಲ್ಲಿಯೂ ಮಕ್ಕಳಿಗೆ, ಪ್ರಾಣಾಂತಿಕವಾಗಬಲ್ಲುದು. ಅದರ ವಿಷವು ನರಗಳ ಸೋಡಿಯಂ ದ್ವಾರಗಳನ್ನು ಮುಚ್ಚಿಕೊಳ್ಳಗೊಡದೆ ಹಿಡಿಯುತ್ತದೆ. ನರತುದಿಗಳು ಎಡೆಬಿಡದೆ ನಾರಡ್ರಿನಲಿನನ್ನು ಸುರಿಯುತ್ತವೆ. ಅಡ್ರಿನಲ್ ಗ್ರಂಥಿಯೂ ಅದಕ್ಕೆ ದನಿಗೂಡಿಸುತ್ತದೆ. ಕಡಿತಕ್ಕೊಳಗಾದವನು ಬೆವರಿನಲ್ಲಿ ತೊಯ್ದು ವಾಂತಿಮಾಡುತ್ತಾನೆ, ಕೈಕಾಲುಗಳು ತಣ್ಣಗಾಗುತ್ತವೆ. ಬಿಗಿದ ನಾಳಗಳ ವಿರುದ್ಧ ರಕ್ತವನ್ನು ದೂಡಿ ದೂಡಿ ಗುಂಡಿಗೆ ಸೋಲುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ರಾಯಗಡ ಜಿಲ್ಲೆಯ ಮಹಾಡದ ವೈದ್ಯರಾದ ಹಿಮ್ಮತರಾವ್ ಬಾವಸ್ಕರರು ಗ್ರಾಮಾಂತರದಲ್ಲಿ ಇಂಥ ರೋಗಿಗಳನ್ನು ಹತ್ತಿರ ಕುಳಿತು ಗಮನಿಸಿ, ಲಕ್ಷಣಗಳ ಮೂಲ ಈ ಸಂಕೋಚಕಗಳ ಮಹಾಪೂರವೇ ಎಂದು ಮನಗಂಡರು. ಹಾಗಿದ್ದರೆ ಆಲ್ಫಾ ಗ್ರಾಹಕಗಳನ್ನು ಮುಚ್ಚುವ ಮದ್ದೊಂದರಿಂದ ಉಪಕಾರವಾಗಬೇಕು. ಅಂಥ ಮದ್ದು ಆಗಲೇ ಅಂಗಡಿಯಲ್ಲಿತ್ತು: ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೊಸಿನ್ ಎಂಬ ಮಾತ್ರೆ. ಅದರಿಂದಾದ ಫಲವನ್ನು ಅವರು 1986ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಮಾಡಿದರು. ಈ ಚಿಕಿತ್ಸೆ ಹಬ್ಬಿದ ಮೇಲೆ ಮರಣಗಳು ಗಣನೀಯವಾಗಿ ಇಳಿದವು. ಪ್ರತಿವಿಷವನ್ನೂ ಇದರೊಡನೆ ಕೊಟ್ಟರೆ ರೋಗಿ ಇನ್ನೂ ಬೇಗ ಚೇತರಿಸಿಕೊಳ್ಳುವನೆಂದು 2011ರಲ್ಲಿ ಪ್ರಕಟವಾದ ಅವರ ಪರೀಕ್ಷೆ ತೋರಿಸಿತು. ಚೇಳು ಕಡಿದೊಡನೆ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವುದೇ ಮನೆಯವರ ಕರ್ತವ್ಯ. ಮದ್ದಿನ ಅಳತೆ ವೈದ್ಯರದು.

ಇಲ್ಲಿ ಗ್ರಾಹಕವನ್ನು ತಪ್ಪಾಗಿ ಎಣಿಸಿದರೆ ಗತಿಯೇನೆಂಬುದನ್ನೂ ಹೇಳಬೇಕು. ಅಡ್ರಿನಲ್ ಗ್ರಂಥಿಯಲ್ಲಿ ಗೆಡ್ಡೆ ಬೆಳೆದು ಇವೇ ವಸ್ತುಗಳು ರಕ್ತಕ್ಕೆ ಸುರಿಯುವ ರೋಗವೊಂದುಂಟು. ಗುಂಡಿಗೆಯ ಬಡಿತ ಹೆಚ್ಚಿದೆಯೆಂದು ಆ ರೋಗಿಗೆ ಮೊದಲು ಬೀಟಾ ಗ್ರಾಹಕಗಳನ್ನು ಮುಚ್ಚುವ ಮದ್ದನ್ನು ಕೊಟ್ಟರೆ, ನಾಳಗಳನ್ನು ಹಿಗ್ಗಿಸುವ ದನಿ ಅಡಗಿ, ಬಿಗಿಸುವ ಆಲ್ಫಾ ದನಿಗೆ ಎದುರಿಲ್ಲದೆ ಹೋಗುತ್ತದೆ. ರಕ್ತದೊತ್ತಡ ಅಪಾಯಕರವಾಗಿ ಏರಬಹುದು. ಆದ್ದರಿಂದ ಆಲ್ಫಾ ಗ್ರಾಹಕಗಳನ್ನು ಮೊದಲು ಮುಚ್ಚುವುದು ವೈದ್ಯರ ನಿಯಮ. ಇದಕ್ಕೆ ವಿರುದ್ಧವಾದ ಸನ್ನಿವೇಶವೂ ಉಂಟು. ರಕ್ತಕ್ಕೆ ಸೋಂಕು ಹರಡಿ ನಾಳಗಳೆಲ್ಲ ಸಡಿಲಗೊಂಡು ಒತ್ತಡ ಕುಸಿದ ರೋಗಿಗೆ, ಚೇಳಿನ ಕಡಿತದಲ್ಲಿ ಯಾವುದು ಮಾರಕವೋ ಅದೇ ನಾರಡ್ರಿನಲಿನನ್ನು ಸಿರೆಯ ಮೂಲಕ ಕೊಟ್ಟು ಉಳಿಸಲಾಗುತ್ತದೆ.

ಹೀಗೆ ನೋಡಿದರೆ ಸಂಕೋಚಕಗಳನ್ನು ಒಳ್ಳೆಯವು, ಕೆಟ್ಟವು ಎಂದು ವಿಂಗಡಿಸುವುದು ಸಾಧುವಲ್ಲವೆಂದು ತಿಳಿಯುತ್ತದೆ. ಒಂದೊಂದು ಸಂದೇಶವೂ ತನ್ನ ವೇಳೆಯಲ್ಲಿ, ತನ್ನ ಸ್ಥಾನದಲ್ಲಿ ಹಿತಕರ. ಹಲವು ದನಿಗಳ ನಡುವೆ ತೂಕ ತಪ್ಪಿದ್ದು ಎಲ್ಲಿ ಎಂದು ಕೇಳಿಸಿಕೊಳ್ಳಬಲ್ಲವನೇ ನಿಜವಾದ ಚಿಕಿತ್ಸಕ. ಮೊಲದ ಕಿವಿಯ ಬಿಸಿಯನ್ನು ಮುಟ್ಟಿ ನೋಡಿದ ಬರ್ನಾರ್ಡನಿಂದ ಹಿಡಿದು, ಹಳ್ಳಿಯ ರೋಗಿಯ ತಣ್ಣನೆಯ ಕೈಯನ್ನು ಹಿಡಿದು ಕುಳಿತ ವೈದ್ಯನವರೆಗೆ, ಈ ಶಾಸ್ತ್ರ ಮುಂದುವರಿದಿರುವುದು ಕಣ್ಣೆದುರಿನ ಲಕ್ಷಣವನ್ನು ಕಡೆಗಣಿಸದೆ ಅದರ ಕಾರಣವನ್ನು ಕೊನೆಯವರೆಗೂ ವಿಚಾರಿಸಿದವರಿಂದ. ನಮ್ಮ ವಿದ್ಯಾರ್ಥಿಗಳು ಗ್ರಾಹಕಗಳ ಹೆಸರುಗಳನ್ನು ಬಾಯಿಪಾಠ ಮಾಡುವಾಗ ಈ ಮಾತನ್ನು ನೆನಪಿನಲ್ಲಿಟ್ಟರೆ ಲೇಖನದ ಶ್ರಮ ಸಾರ್ಥಕವಾದಂತೆ.